ಹುಟ್ಟು

ಅಪ್ಪ ಮೊದಲು ಕೇಳಿದ್ದು:
"ಹಡಗಿನ ತಳಕ್ಕ ಏನ್ ಬಳೀತಾರ?"

ತಳವಾರಘಟ್ಟದ ಬಂಡೆಯ ಮೇಲೆ ಹರಿಗೋಲು ಬೋರಲು.
ಯೂರಿಯಾ ಚೀಲ ಹೊಲಿದು ಹೊದಿಸಿ
ಡಾಂಬರು ಬಳಿಯುತ್ತಿದ್ದಾನೆ,
ಮೂರು ಕಲ್ಲಿನ ಒಲೆ, ಸುಟ್ಟ ಎಣ್ಣೆಡಬ್ಬಿ, ತೆಂಗಿನ ನಾರಿನ ಕುಂಚ.
ನಾಲ್ಕು ತಿಂಗಳ ಕಡಲನ್ನು
ಯಾವ ತುದಿಯಿಂದ ಬಿಚ್ಚಲಿ?

ಏಳು ಅಂತಸ್ತು. ಎರಡನೆಯದರಲ್ಲಿ ತರಗತಿ.
ಪಾಠದ ನಡುವೆ ಪೆನ್ನುಗಳು ತಾವೇ ಉರುಳಿ
ಈ ಗೋಡೆಯಿಂದ ಆ ಗೋಡೆಗೆ.
ಪರೀಕ್ಷೆಯ ಹಾಳೆ ಬಿಟ್ಟು ವಾಂತಿಗೆ ಓಡಿದವರಲ್ಲಿ
ಮೊದಲನೆಯವಳು ನಾನೇ, ಅಂಬಿಗರ ಹುಲಿಗೆಮ್ಮ.
ಅಪ್ಪ ನಕ್ಕ. ಡಾಂಬರು ಲುಂಗಿಗೆ ಸಿಡಿಯಿತು.

ಅವರ ಬಾಯಲ್ಲಿ ನನ್ನ ಹೆಸರು ಅರ್ಧಕ್ಕೇ ನಿಂತು
ಹುಲಿ ಆಯಿತು.
ಅರ್ಥ ಹೇಳಿದ ಮೇಲೆ
ಊಟದ ಸಾಲಿನಲ್ಲಿ ದಾರಿ ಬಿಡುತ್ತಿದ್ದರು.

ವಿಯೆಟ್ನಾಂ ಒಂದು ಹೊಳೆಯಾಗಿ ಬಂತು.
ನಸುಕಿನಲ್ಲಿ ಹಡಗು ಕಡಲು ಬಿಟ್ಟು ಒಳಗೆ ತಿರುಗಿತು,
ಅಷ್ಟು ದೊಡ್ಡದು, ಅಷ್ಟು ಸಣ್ಣ ತಿರುವಿನಲ್ಲಿ.
ರಾಡಿ ನೀರು, ತೇಲುವ ಅಂತರಗಂಗೆ,
ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು
ತಲೆಯೆತ್ತಿ ನೋಡಿ ಮತ್ತೆ ಬಟ್ಟೆಗೇ ಬಗ್ಗಿದಳು.
ನಮ್ಮ ಹೊಳೆಗೆ ಹಡಗು ಬಂದರೆ ಅವ್ವನೂ ಅಷ್ಟೇ.

"ಉಣ್ಣಾಕ?"
"ಅನ್ನ. ಮುಂಜಾನೆ ಶಾವಿಗಿ, ಅದೂ ಅಕ್ಕೀದ."
"ಹಂಗಾರ ಗಂಗಾವತಿನ ಬಿಡು."

ಬಸ್ಸಿನ ಕಿಟಕಿಯಲ್ಲಿ ನಾಟಿಯ ಗದ್ದೆ, ಮತ್ತೆ ಗದ್ದೆ,
ನಟ್ಟ ನಡುವೆ ಸುಣ್ಣ ಬಳಿದ ಗೋರಿಗಳು;
ಸತ್ತವರ ಕಾಲಿಗೂ ನೀರು ಕಟ್ಟಿದ್ದರು.
ಇದನ್ನು ಹೇಳಲಿಲ್ಲ.
ಯುದ್ಧದ ಚಿತ್ರ ತೂಗುಹಾಕಿದ ಮನೆಯ ಹೊರಗೆ
ನನ್ನ ಬೆಂಚಿನ ಅಮೆರಿಕದ ಹುಡುಗ
ಬೂಟಿನ ದಾರ ಬಿಚ್ಚುತ್ತ, ಕಟ್ಟುತ್ತ, ಬಿಚ್ಚುತ್ತ
ಮಧ್ಯಾಹ್ನವಿಡೀ ಕೂತಿದ್ದನ್ನೂ.

ಹೇಳಿದ್ದು ಮುಯ್ ನೇ.
"ಮುಯ್ಯೇನ? ತೀರಿಸಬೇಕಾಗ್ತೈತಿ ಮತ್ತ."
ಅದು ಊರಪ್ಪಾ, ಮೀನು ಹಿಡಿಯೋರದು.
ದಂಡೆ ತುಂಬ ಹರಿಗೋಲು,
ದುಂಡನೆಯವು, ಬಿದಿರಿನವು,
ಯಾರೋ ರಾತ್ರೋರಾತ್ರಿ ಆನೆಗುಂದಿಯಿಂದ
ತಲೆಯ ಮೇಲೆ ಹೊತ್ತು ತಂದು ಬೋರಲು ಹಾಕಿದಂತೆ.
ಒಂದರ ಅಂಚು ಹಿಡಿದು ಮೂಸಿದೆ:
ಮರದ ಎಣ್ಣೆ, ಉಪ್ಪು, ಸಗಣಿ.

ಕುಂಚ ನಿಂತಿತು.
"ಸಗಣಿ?"
"ಸಂದಿಗೆ ತುಂಬಿ ಒಣಗಸ್ತಾರ. ಮ್ಯಾಲೆ ಎಣ್ಣಿ."
"ನೀರಾಗ ಕರಗಂಗಿಲ್ಲೇನು?"
"ಇಲ್ಲಂತ."
ಏಳು ಅಂತಸ್ತಿಗೆ, ಹನ್ನೊಂದು ದೇಶಕ್ಕೆ
ಹುಬ್ಬೆತ್ತದವನು
ಸಗಣಿಗೆ ಬೆರಗಾಗಿ ಕೂತ.

ಹರಿಗೋಲು ನಡೆಸುತ್ತಿದ್ದವಳು ಹೆಂಗಸು.
ಅರವತ್ತು ದಾಟಿದವಳು, ಮೊನಚು ಟೊಪ್ಪಿಗೆ, ಎಲೆಅಡಿಕೆಯ ಬಾಯಿ.
ಏನೋ ಅಂದು ಹುಟ್ಟನ್ನು ನನ್ನ ಕೈಗಿಟ್ಟಳು.
ಹುಟ್ಟಿನಿಂದ ಅಂಬಿಗರವಳು,
ಹುಟ್ಟು ಮುಟ್ಟಿದವಳಲ್ಲ.
ಹೆಣ್ಣು ಹಿಡಿದರೆ ಹೊಳೆ ಮುನಿಯುತ್ತದಂತೆ;
ಹೊಳೆಯೂ ಹೆಣ್ಣೇ ಅಲ್ಲೇನು ಎಂದು ಕೇಳಿ
ಏಳನೇ ಕ್ಲಾಸಿನಲ್ಲಿ ಏಟು ತಿಂದಿದ್ದೆ.

ಕಡಲು ಮುನಿಯಲಿಲ್ಲ. ತಿರುಗಿಸಿತು,
ಬೀಸುಕಲ್ಲಿನ ಹಾಗೆ, ನಿಂತಲ್ಲೇ.
ದಂಡೆಯ ಮಂದಿ ಬಿದ್ದು ಬಿದ್ದು ನಕ್ಕರು.
ಅವಳು ನನ್ನ ಮಣಿಕಟ್ಟು ಹಿಡಿದು ತೋರಿಸಿದಳು:
ನೀರನ್ನು ಹೀಗೆ ಮಡಚಬೇಕು, ಎಡಕ್ಕೊಂದು, ಬಲಕ್ಕೊಂದು,
ಒಗೆದ ಸೀರೆಯ ಹಾಗೆ.

"ಒಬ್ಬರಿಗೆ ಎಷ್ಟ್ ತಗೊಂತಾಳ ಆಕಿ?"
"ನನ್ನ ಕಡೆ ತಗೊಳ್ಳಿಲ್ಲ."
ಅಪ್ಪ ಕುಂಚವನ್ನು ಡಬ್ಬಿಗೆ ಅದ್ದಿದ.
"ಹಂಗಾರ ಮುಯ್ಯೇ ಆತು."

ಮರುದಿನ ಸಂಜೆ, ಸೋರುತ್ತದೋ ನೋಡಲು
ಹರಿಗೋಲನ್ನು ನೀರಿಗಿಟ್ಟ. ನನ್ನನ್ನೂ ಕರೆದ, ಭಾರಕ್ಕೆ.
ಡ್ಯಾಮಿನ ಗೇಟು ಮುಚ್ಚಿತ್ತು,
ಹೊಳೆ ಬಂಡೆಗಳ ಸಂದಿಯಲ್ಲಿ ಮೆಲ್ಲಗೆ.
ನಡುನೀರಿನಲ್ಲಿ ಬೀಡಿ ತೆಗೆದ. ಗಾಳಿ.
ಕಡ್ಡಿ ಗೀರಲು ಎರಡೂ ಕೈ ಬೇಕು.
ಹುಟ್ಟನ್ನು ನನ್ನ ಮಂಡಿಯ ಮೇಲೆ ಅಡ್ಡ ಇಟ್ಟು
ಗಾಳಿಗೆ ಬೆನ್ನು ಕೊಟ್ಟು ತಿರುಗಿ ಕೂತ.

ಬೀಡಿ ಹೊತ್ತಿ, ಉರಿದು,
ಬೆರಳ ತುದಿಗೆ ಬಂದರೂ
ಅವನು ಈ ಕಡೆ ತಿರುಗಲಿಲ್ಲ.
ಒಮ್ಮೆ ಮಾತ್ರ, ಆನೆಗುಂದಿಯ ದಂಡೆಗೆ ಹೇಳುವಂತೆ:
"ಎಡಕ್ಕ ಬಂಡೆ ಐತಿ. ನೋಡು."